ಚೂರು ಲೆಕ್ಕಕ್ಕಿಲ್ಲ

ಎಂಟನೆಯ ವಾರ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತಾಗ ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಓಡಾಡಿ ಎಪ್ಪತ್ತೆಂಟು ಪಾಯಿಂಟ್ ನಾಲ್ಕರಲ್ಲಿ ನಿಂತವು. ಹಿಂದಿನ ವಾರ ಬರೀ ಎಪ್ಪತ್ತೆಂಟು ಇತ್ತು. ಚಪ್ಪಲಿ ಬಿಟ್ಟಿದ್ದೇನೆಯೇ ಎಂದು ಕಾಲು ನೋಡಿಕೊಂಡೆ. ಬಿಟ್ಟಿದ್ದೆ. ಇಳಿದು, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಮತ್ತೆ ಹತ್ತಿದೆ. ಅದೇ ಅಂಕಿ.

ಡಯಟ್ ಮೇಡಂ ನನ್ನ ಪುಸ್ತಕ ತಿರುವಿ ಹಾಕುತ್ತಿದ್ದರು. ತಿಂದದ್ದನ್ನೆಲ್ಲ ಬರೆಯಲು ಅವರೇ ಕೊಟ್ಟ ಪುಸ್ತಕ. ಅದರಲ್ಲಿ ನಾಲ್ಕು ಕಾಲಂ: ಹೊತ್ತು, ಏನು, ಎಷ್ಟು, ಯಾಕೆ. ಗೆರೆಗಳನ್ನು ನಾನು ಸ್ಕೇಲ್ ಇಟ್ಟು ಎಳೆದಿದ್ದೆ. ಕೆಲಸ ಮುಗಿಸಿ ಸಂಜೆ ತರಗತಿಗೆ ಹೋಗಿ ಕಲಿತವಳು ನಾನು. ಬರೆದದ್ದರಲ್ಲಿ ತಪ್ಪಿರಬಹುದು ಎಂಬ ಅಳುಕು ಇವತ್ತಿಗೂ ಹೋಗಿಲ್ಲ. ಅದಕ್ಕೇ ಒಂದು ಸೌತೆಕಾಯಿ ತಿಂದರೂ ಉದ್ದ ಎಷ್ಟು ಎಂದು ಬರೆಯುತ್ತಿದ್ದೆ.

"ಎಲ್ಲಾ ಸರಿಯಾಗೇ ಇದೆ" ಎಂದರು ಮೇಡಂ. "ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಅರ್ಧ ಬಟ್ಟಲು ಅನ್ನ, ಸಂಜೆ ಸೇಬು. ಇದನ್ನ ನಂಬೋದಾದ್ರೆ ನೀವು ಇಷ್ಟು ಹೊತ್ತಿಗೆ ಗಾಳಿಗೆ ಹಾರಿ ಹೋಗಬೇಕಿತ್ತು."

"ಸುಳ್ಳು ಬರೆದಿಲ್ಲ ಮೇಡಂ."

"ಬಿಸ್ಕೆಟ್ ಫ್ಯಾಕ್ಟರಿಲಿ ಕೆಲಸ ಅಂತೀರಿ. ಬಿಸ್ಕೆಟ್ ತಿನ್ನೋದೇ ಇಲ್ವಾ?"

"ಇಲ್ಲ ಮೇಡಂ. ಒಂದೂ ಇಲ್ಲ."

ಹಾಗೆ ಹೇಳುವಾಗ ನನ್ನ ದನಿ ನಡುಗಲಿಲ್ಲ. ಅದು ನಿಜವೆಂದೇ ನಾನು ನಂಬಿದ್ದೆ.

ತೂಕ ಇಳಿಸಬೇಕಾಗಿದ್ದದ್ದು ಅಣ್ಣನಿಗಾಗಿ. ಅವನ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಸೂಜಿ ಚುಚ್ಚುವ ಎಡಗೈಯ ನಾಳ ಎರಡು ಸಲ ಮುಚ್ಚಿಕೊಂಡಿತ್ತು. ಮೂರನೆಯ ಸಲ ಮುಚ್ಚಿದರೆ ಬೇರೆ ಜಾಗ ಹುಡುಕುವುದು ಕಷ್ಟ ಎಂದು ದೊಡ್ಡ ಡಾಕ್ಟರು ಹೇಳಿದ್ದರು. ಅತ್ತಿಗೆಯ ರಕ್ತ ಹೊಂದಲಿಲ್ಲ. ನನ್ನದು ಹೊಂದಿತು. ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ತೂಕದಲ್ಲಿ ಒಂದು ಕಿಡ್ನಿ ತೆಗೆದರೆ ಮುಂದೆ ನಿಮಗೇ ತೊಂದರೆ. ಎಂಬತ್ತೊಂದು ಇದ್ದೀರಿ. ಎಪ್ಪತ್ಮೂರಕ್ಕೆ ಬನ್ನಿ. ನಾಲ್ಕು ತಿಂಗಳು ಟೈಮು" ಎಂದಿದ್ದರು.

ಮೊದಲ ಐದು ವಾರ ಮೂರು ಕಿಲೋ ಇಳಿಯಿತು. ಸಕ್ಕರೆ, ಎಣ್ಣೆ, ಎರಡನೆಯ ಸಲದ ಅನ್ನ ಬಿಟ್ಟಿದ್ದೆ. ಆಮೇಲೆ ಅಂಕಿ ಬೇರು ಬಿಟ್ಟ ಹಾಗೆ ಕೂತುಬಿಟ್ಟಿತು. ಈಗ ಏರಲು ಹೊರಟಿತ್ತು.

ನಾನು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿರುವವಳು. ಮದುವೆಯಾಗಲಿಲ್ಲ. ಅಮ್ಮ ಹೋದಾಗ ನನಗೆ ಹದಿಮೂರು, ಅವನಿಗೆ ಇಪ್ಪತ್ತು. ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಅವನೇ ನನ್ನನ್ನು ಸಾಕಿದ. ಅಂಥವನಿಗೆ ಕೊಡುವುದಕ್ಕೆ ಯೋಚನೆ ಮಾಡಬೇಕೇ ಎಂದು ಎಲ್ಲರೂ ಕೇಳುತ್ತಿದ್ದರು. ಸರಿಯಾಗಿ ಹೇಳಬೇಕೆಂದರೆ ಯಾರೂ ಕೇಳಿರಲಿಲ್ಲ. ಕೇಳುತ್ತಿದ್ದಾರೆಂದು ನನಗೆ ಅನಿಸುತ್ತಿತ್ತು.

ಆ ದಿನ ಮನೆಗೆ ಬಂದಾಗ ಅತ್ತಿಗೆ ಒಗೆಯುವ ಬಟ್ಟೆ ವಿಂಗಡಿಸುತ್ತಿದ್ದರು. ನನ್ನ ಫ್ಯಾಕ್ಟರಿಯ ಏಪ್ರನ್ನು ಅವರ ಕೈಯಲ್ಲಿತ್ತು. ಜೇಬನ್ನು ಒಳಹೊರಗು ಮಾಡಿ ಕೊಡವಿದರು. ಕಂದು ಬಣ್ಣದ ಪುಡಿ ನೆಲದ ಮೇಲೆ ಉದುರಿತು.

"ಎಷ್ಟಾಯ್ತು ಇವತ್ತು?"

"ಎಪ್ಪತ್ತೆಂಟು ಪಾಯಿಂಟ್ ನಾಲ್ಕು."

"ಏರ್ತಾ?"

ನಾನು ತಲೆ ತಗ್ಗಿಸಿದೆ.

"ಇದೇನು ಹಾಗಾದ್ರೆ?" ಅವರು ನೆಲ ತೋರಿಸಿದರು. "ಬಿಸ್ಕೆಟ್ ಮುಟ್ಟಲ್ಲ ಅಂತ ನಿಮ್ಮಣ್ಣನ ಮುಂದೆ ಹೇಳಿದ್ದೆ."

"ಮುಟ್ಟಿಲ್ಲ ಅತ್ತಿಗೆ. ಅದು ಬಿಸ್ಕೆಟ್ಟಲ್ಲ. ಚೂರು."

"ಚೂರು ಅಂದ್ರೆ ಏನು, ಮಣ್ಣಾ?"

ನಾನು ಬಗ್ಗಿ ಪುಡಿಯನ್ನು ಅಂಗೈಗೆ ಬಳಿದುಕೊಂಡೆ.

ಅತ್ತಿಗೆ ಕೂಗಾಡುವವರಲ್ಲ. ಏಪ್ರನ್ನನ್ನು ಮಡಿಸಿ ಬಕೆಟ್ಟಿಗೆ ಹಾಕಿದರು; ಒಗೆಯುವ ಬಟ್ಟೆಯನ್ನು ಯಾರೂ ಮಡಿಸುವುದಿಲ್ಲ. "ನೋಡು, ಕೊಡೋ ಮನಸ್ಸಿಲ್ಲ ಅಂದ್ರೆ ನೇರವಾಗಿ ಹೇಳಿಬಿಡು. ನಾನು ಬೈಯಲ್ಲ. ಬೇರೆ ದಾರಿ ನೋಡ್ತೀವಿ. ಆದ್ರೆ ಹೀಗೆ ತಿಂಗಳುಗಟ್ಟಲೆ ಆಸೆ ತೋರಿಸಿ ಕೂರಿಸಬೇಡ. ಅವರ ಕೈ ನೋಡಿದೀಯಲ್ಲ."

ಇಲ್ಲ, ಮನಸ್ಸಿದೆ ಎಂದು ತಕ್ಷಣ ಹೇಳಬೇಕಾಗಿತ್ತು. ಹೇಳಲಾಗಲಿಲ್ಲ. ಅವರ ಮಾತು ಸುಳ್ಳೆಂಬ ಧೈರ್ಯ ನನಗಿರಲಿಲ್ಲ.

ಈಗ ಚೂರಿನ ವಿಷಯ ಹೇಳಬೇಕು.

ನಮ್ಮ ಫ್ಯಾಕ್ಟರಿಯಲ್ಲಿ ಬಿಸ್ಕೆಟ್ಟು ಒಲೆಯಿಂದ ಹೊರಬಂದು ಉದ್ದನೆಯ ಬೆಲ್ಟಿನ ಮೇಲೆ ತಣ್ಣಗಾಗುತ್ತ ಬರುತ್ತದೆ. ಬೆಲ್ಟಿನ ಎರಡೂ ಬದಿ ನಾವು ನಿಂತಿರುತ್ತೇವೆ. ಒಡೆದದ್ದು, ಸೀದದ್ದು, ಅಂಚು ಮುಕ್ಕಾದದ್ದನ್ನು ತೆಗೆದು ನೀಲಿ ಡಬ್ಬಿಗೆ ಹಾಕುವುದು ನಮ್ಮ ಕೆಲಸ. ಅದನ್ನು ಪುಡಿ ಮಾಡಿ ಮತ್ತೆ ಹಿಟ್ಟಿಗೆ ಸೇರಿಸುತ್ತಾರೆ. ಇಡೀ ಬಿಸ್ಕೆಟ್ಟನ್ನು ಬಾಯಿಗೆ ಹಾಕಿಕೊಂಡರೆ ಅದು ಕಳ್ಳತನ, ಕೆಲಸ ಹೋಗುತ್ತದೆ. ಚೂರನ್ನು ಹಾಕಿಕೊಂಡರೆ ಸೂಪರ್‌ವೈಸರ್ ಕಣ್ಣು ಬೇರೆ ಕಡೆ ಇರುತ್ತದೆ. ಗೇಟಿನಲ್ಲಿ ಕಾವಲಿನವನು ದಿನವೂ ಕೇಳುತ್ತಾನೆ, "ಬಿಸ್ಕೆಟ್ ಇದೆಯೇನಮ್ಮಾ?" "ಇಲ್ಲಪ್ಪ, ಚೂರು" ಎನ್ನುತ್ತೇವೆ. "ಹೋಗಿ" ಎನ್ನುತ್ತಾನೆ. ಇಪ್ಪತ್ತಮೂರು ವರ್ಷದಿಂದ ನಾನು ಅದೇ ಮಾತು ಹೇಳಿಕೊಂಡು ಆ ಗೇಟು ದಾಟಿದ್ದೇನೆ.

ಅದಕ್ಕೂ ಮೊದಲು ಅಮ್ಮ ಅದೇ ಬೆಲ್ಟಿನ ಬದಿಯಲ್ಲಿ ನಿಂತಿದ್ದಳು. ಮನೆಯಲ್ಲಿ ಎರಡು ಡಬ್ಬಿಗಳಿದ್ದವು. ಮೇಲಿನ ಕಪಾಟಿನ ತಗಡಿನ ಡಬ್ಬಿಯಲ್ಲಿ ಬಂದವರಿಗೆ ಕೊಡುವ ಇಡೀ ಬಿಸ್ಕೆಟ್ಟು, ಅಂಗಡಿಯಿಂದ ಕೊಂಡು ಎಣಿಸಿ ಇಟ್ಟದ್ದು. ಕೆಳಗಿನ ಡಬ್ಬಿಯಲ್ಲಿ ಚೂರು; ನಮಗೆ. "ಚೂರು ಎಷ್ಟಾದರೂ ತಿನ್ನಿ, ಚೂರು ಲೆಕ್ಕಕ್ಕಿಲ್ಲ" ಎನ್ನುತ್ತಿದ್ದಳು ಅಮ್ಮ. ನಾನು ಅದನ್ನು ತಿನ್ನುತ್ತಲೇ ಇದ್ದುದರಿಂದ ಅಣ್ಣ ನನಗೆ ಚೂರಿ ಎಂದು ಹೆಸರಿಟ್ಟ. ಈಗಲೂ ಹಾಗೇ ಕರೆಯುತ್ತಾನೆ.

ಪುಸ್ತಕದಲ್ಲಿ ಚೂರನ್ನು ಬರೆಯದಿದ್ದದ್ದು ಮುಚ್ಚಿಡಬೇಕೆಂದಲ್ಲ. ಉಸಿರಾಡಿದ ಗಾಳಿಯನ್ನು ಬರೆಯುತ್ತೇವೆಯೇ? ನನಗೆ ಅದು ಹಾಗಿತ್ತು. ಇದನ್ನು ಓದುವವರು ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ನನ್ನನ್ನೇ ನಾನು ಪೂರ್ತಿ ನಂಬುವುದಿಲ್ಲ.

ಮರುದಿನ ಏಪ್ರನ್ನಿನ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಕವರು ಇಟ್ಟುಕೊಂಡು ಹೋದೆ. ಬಾಯಿಗೆ ಹೋಗುವುದನ್ನೆಲ್ಲ ಕವರಿಗೆ ಹಾಕಬೇಕು, ಅಷ್ಟೆ. ಇವತ್ತೊಂದು ದಿನ ನೋಡೋಣ ಎಂದುಕೊಂಡೆ.

ಕೈ ಎದ್ದದ್ದು ನನಗೆ ಗೊತ್ತೇ ಆಗಲಿಲ್ಲ. ತುಟಿಗೆ ಪುಡಿ ತಾಗಿದಾಗ ಗೊತ್ತಾಯಿತು. ತೆಗೆದು ಕವರಿಗೆ ಹಾಕಿದೆ. ನಾಲ್ಕು ನಿಮಿಷಕ್ಕೆ ಮತ್ತೆ ಎದ್ದಿತು. ಎಡಗೈ ಬೆಲ್ಟಿನ ಮೇಲೆ ಕೆಲಸ ಮಾಡುತ್ತಿದ್ದರೆ ಬಲಗೈ ತನ್ನ ಪಾಡಿಗೆ ತಾನು ಬಾಯಿಗೂ ಬೆಲ್ಟಿಗೂ ಓಡಾಡುತ್ತಿತ್ತು. ಬೇರೆ ಯಾರದೋ ಕೈಯನ್ನು ನೋಡಿದ ಹಾಗಾಯಿತು.

ಎದುರಿಗೆ ನಿಲ್ಲುವವಳನ್ನು ನಾವು ರೇಡಿಯೋ ಎನ್ನುತ್ತೇವೆ. ಬೆಳಿಗ್ಗೆ ಶುರುವಾದರೆ ಶಿಫ್ಟು ಮುಗಿದಾಗಲೇ ನಿಲ್ಲುವುದು. ಅವಳು ಅಂದು ಮಧ್ಯದಲ್ಲೇ ಮಾತು ನಿಲ್ಲಿಸಿ ನನ್ನನ್ನು ನೋಡಿದಳು.

"ಏನಕ್ಕಾ, ಹಲ್ಲುನೋವಾ?"

"ಇಲ್ವಲ್ಲ."

"ಮತ್ತೆ ಎಲ್ಲಾ ಜೇಬಿಗೆ ತುಂಬ್ತಾ ಇದೀರಲ್ಲ. ಮನೇಲಿ ಕೋಳಿ ಸಾಕಿದೀರಾ?"

"ತೂಕ ಇಳಿಸಬೇಕಲ್ಲ, ಅದಕ್ಕೆ ನೋಡ್ತಿದೀನಿ."

"ಅಯ್ಯೋ, ಚೂರಲ್ಲಿ ಏನಿದೆ ಬಿಡಿ! ಒಡೆದ ಮೇಲೆ ಅದರಲ್ಲಿರೋದೆಲ್ಲ ಸೋರಿ ಹೋಗಿರುತ್ತೆ" ಎಂದು ಅವಳು ಒಂದು ಚೂರನ್ನು ತನ್ನ ಬಾಯಿಗೆ ಎಸೆದುಕೊಂಡಳು. ಇಬ್ಬರೂ ನಕ್ಕೆವು. ಮಧ್ಯಾಹ್ನ ಅಣ್ಣನ ಡಯಾಲಿಸಿಸ್ ಇತ್ತು. ನಗುತ್ತಲೇ ಅದು ನೆನಪಾಯಿತು. ಆಗ ಕೈ ಒಂದರ ಹಿಂದೆ ಒಂದರಂತೆ ಮೂರು ಸಲ ಎದ್ದಿತು. ಮೂರನ್ನೂ ಕವರಿಗೆ ಹಾಕಿದೆ.

ಶಿಫ್ಟು ಮುಗಿದಾಗ ಕವರು ದಪ್ಪಗಾಗಿತ್ತು. "ಬಿಸ್ಕೆಟ್ ಇದೆಯೇನಮ್ಮಾ?" ಎಂದ ಕಾವಲಿನವನು. ಮೊದಲ ಸಲ ನನ್ನ ನಾಲಿಗೆ ತೊದಲಿತು. "ಚೂ... ಚೂರು."

"ಹೋಗಿ."

ಡಯಾಲಿಸಿಸ್ ಹಾಲಿನಲ್ಲಿ ಹತ್ತು ಮಂಚಗಳು. ಅಣ್ಣನದು ಕಿಟಕಿಯ ಪಕ್ಕದ್ದು. ಎಡಗೈಗೆ ಎರಡು ಕೊಳವೆ, ತಲೆಯ ಹತ್ತಿರ ಯಂತ್ರ ತಿರುಗುವ ಸದ್ದು. ಅವನನ್ನೂ ಇಲ್ಲಿ ತೂಗುತ್ತಾರೆ: ಬಂದ ಕೂಡಲೇ ಒಮ್ಮೆ, ಹೋಗುವಾಗ ಒಮ್ಮೆ. ಅವನ ಮೈಯಲ್ಲಿ ಏರುವುದು ನೀರು.

"ಬಾರೇ ಚೂರಿ. ನಾನಿವತ್ತು ಎರಡೂವರೆ ಕಿಲೋ ಜಾಸ್ತಿ. ನೀನು?"

"ನಾನ್ನೂರು ಗ್ರಾಂ. ನಿನ್ನೆ."

"ಹಾಗಾದ್ರೆ ನಾನೇ ಗೆದ್ದೆ ಬಿಡು."

ನಾನು ನಗಲಿಲ್ಲ. ಅವನ ಊಟದ ತಟ್ಟೆಯನ್ನು ಅವನ ಮುಂದಿಟ್ಟು ಕವರನ್ನು ಅದರ ಮೇಲೆ ಸುರಿದೆ. "ಇದು ನಾನು ಒಂದು ಶಿಫ್ಟಿನಲ್ಲಿ ತಿನ್ನೋದು. ಇವತ್ತು ತಿನ್ನದೆ ತಂದಿದೀನಿ."

ಅವನು ಹುಬ್ಬೇರಿಸಿದ. ಆಮೇಲೆ ಬಲಗೈಯಿಂದ ಚೂರುಗಳನ್ನು ಹರಡಿದ. ಮೂವತ್ತು ವರ್ಷ ಗಡಿಯಾರದ ಒಳಗಿನ ಹಲ್ಲುಗಾಲಿಗಳನ್ನು ಚಿಮಟದಿಂದ ಎತ್ತಿ ಕೂರಿಸಿದ ಕೈ. ಒಂದು ಅಂಚನ್ನು ಇನ್ನೊಂದು ಅಂಚಿನ ಪಕ್ಕಕ್ಕೆ ತಂದು, ಹೊಂದದಿದ್ದರೆ ಬಿಟ್ಟು, ಬೇರೆಯದನ್ನು ಹುಡುಕಿ ಜೋಡಿಸತೊಡಗಿದ. ಮೇಲಿನ ಹೂವಿನ ಅಚ್ಚು ಎಸಳು ಎಸಳಾಗಿ ಕೂಡಿಕೊಂಡಿತು. ಒಂದು ಪೂರ್ತಿ ಬಿಸ್ಕೆಟ್ಟಾಯಿತು. ಹೊಂದುವ ಚೂರು ಸಿಗದ ಕಡೆ ಅಳತೆ ನೋಡಿ ಬೇರೆಯದನ್ನು ಇಟ್ಟು ತುಂಬಿದ. ಪಕ್ಕದ ಮಂಚದವರು ಕತ್ತು ಚಾಚಿ ನೋಡುತ್ತಿದ್ದರು. ಸುಮಾರು ಒಂದು ಗಂಟೆ ಹಿಡಿಯಿತು. ತಟ್ಟೆ ಸಾಲದೆ ಎರಡನೆಯ ತಟ್ಟೆ ತಂದುಕೊಟ್ಟೆ.

"ಹತ್ತೊಂಬತ್ತು" ಎಂದ ಕೊನೆಗೆ. "ಮತ್ತೆ ಮುಕ್ಕಾಲು."

ನಾನು ಕುರ್ಚಿಯಲ್ಲಿ ಕೂತು ಅಳಲು ಶುರು ಮಾಡಿದೆ.

"ಲೇ, ಬಿಸ್ಕೆಟ್ಟಿಗೆ ಯಾರಾದ್ರೂ ಅಳ್ತಾರಾ?"

"ಬಿಸ್ಕೆಟ್ಟಿಗಲ್ಲ ಅಣ್ಣ." ದನಿ ತಗ್ಗಿಸಿದೆ. "ಅತ್ತಿಗೆ ಕೇಳಿದ್ರು, ಕೊಡೋ ಮನಸ್ಸಿಲ್ವಾ ಅಂತ. ನಂಗೆ ಇಲ್ಲ ಅನ್ನೋಕೂ ಆಗಲಿಲ್ಲ, ಇದೆ ಅನ್ನೋಕೂ ಆಗಲಿಲ್ಲ. ಭಯ ಆಗುತ್ತೆ. ಆಪರೇಷನ್ ನೆನೆಸಿಕೊಂಡ್ರೆ ಕೈ ತಾನಾಗೇ ಬಾಯಿಗೆ ಹೋಗುತ್ತೆ. ಇವತ್ತು ನೋಡಿದೆ. ಒಳಗೆಲ್ಲೋ ನಾನೇ ಬೇಡ ಅಂತ ತಿಂತಿದೀನೇನೋ. ತೂಕ ಇಳೀದೆ ಇದ್ರೆ ನಾನು ಬೇಡ ಅನ್ನಬೇಕಾಗಿಲ್ಲವಲ್ಲ. ತೂಕದ ಯಂತ್ರಾನೇ ಅನ್ನುತ್ತೆ."

ಅಣ್ಣ ಮುಕ್ಕಾಲು ಬಿಸ್ಕೆಟ್ಟನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸಿದ.

"ನಿಂಗೊಂದು ವಿಷಯ ಹೇಳ್ತೀನಿ. ಅಮ್ಮ ವಾರಕ್ಕೆ ಎಷ್ಟು ಚೂರು ತರ್ತಿದ್ಲು, ಜ್ಞಾಪಕ ಇದೆಯಾ?"

"ಡಬ್ಬಿ ತುಂಬ."

"ಒಂದು ಹಿಡಿ. ಎರಡು ದಿನಕ್ಕೆ ನೀನೇ ಖಾಲಿ ಮಾಡಿಬಿಡ್ತಿದ್ದೆ. ಆಮೇಲೆ ಡಬ್ಬಿ ತುಂಬ್ತಿದ್ದವನು ನಾನು. ಮೇಲಿನ ಡಬ್ಬೀದು ತೆಗೆದು, ಬಾಗಿಲ ಸಂದೀಲಿ ಇಟ್ಟು ಮುರಿದು ಕೆಳಗೆ ಹಾಕ್ತಿದ್ದೆ. ಇಡೀದು ಕೊಟ್ರೆ ನೀನು ತಿಂತಿರ್ಲಿಲ್ಲ. ಅಷ್ಟು ಪಾಪಭೀರು. 'ಇದು ಬಂದವರಿಗೆ' ಅಂತ ವಾಪಸ್ ಇಡ್ತಿದ್ದೆ."

"ಅಮ್ಮ ಎಣಿಸಿಡ್ತಿದ್ಲಲ್ಲ?"

"ಅವಳಿಗೂ ಗೊತ್ತಿತ್ತು. ಎಣಿಸೋದು ಬಿಟ್ಟುಬಿಟ್ಟಿದ್ಲು, ನಿಂಗೆ ಹೇಳಿರ್ಲಿಲ್ಲ ಅಷ್ಟೆ."

ಯಂತ್ರ ಒಮ್ಮೆ ಕೂಗಿತು. ನರ್ಸ್ ಬಂದು ಗುಂಡಿ ಒತ್ತಿ ಹೋದಳು.

"ಇದನ್ನ ಯಾಕೆ ಹೇಳ್ದೆ ಗೊತ್ತಾ?" ಎಂದ ಅಣ್ಣ. "ಆವತ್ತು ಮುರಿದು ಕೊಟ್ಟೆ ಅಂತ ನೀನು ಈಗ ಏನೂ ಕೊಡಬೇಕಾಗಿಲ್ಲ. ಬೇಡ ಅನಿಸಿದ್ರೆ ಕೊನೇ ರೂಮಿನಲ್ಲಿ, ಕಿಡ್ನಿ ಕೊಡೋರ ಹತ್ರ ಮಾತಾಡೋ ಕೌನ್ಸೆಲರ್ ಮೇಡಂ ಇದಾರೆ. ಅವರಿಗೊಬ್ಬರಿಗೆ ಹೇಳು ಸಾಕು. ನಿನ್ನದು ತೆಗೆಯೋಕಾಗಲ್ಲ ಅಂತ ಅಷ್ಟೇ ನಮಗೆ ಹೇಳ್ತಾರೆ. ನಿಮ್ಮ ಅತ್ತಿಗೆಗೂ ಗೊತ್ತಾಗಲ್ಲ. ನಂಗೂ ಗೊತ್ತಾಗಲ್ಲ."

"ನಿಂಗೆ ಈಗಾಗ್ಲೇ ಗೊತ್ತಲ್ಲ."

"ನಾನು ಮರೀತೀನಿ. ವಯಸ್ಸಾಯ್ತು." ಅವನು ಒಂದು ಬಿಸ್ಕೆಟ್ಟಿನ ಚೂರುಗಳನ್ನು ಬೆರಳಿನಿಂದ ಬಿಡಿಬಿಡಿ ಮಾಡಿದ. "ಭಯ ನಂಗೂ ಇದೆ ಕಣೇ. ನನ್ನ ಭಯಕ್ಕೆ ನೀನು ಉತ್ತರ ಹುಡುಕಬೇಡ. ನಿಂದಕ್ಕೆ ಹುಡುಕು."

ನಾನು ಚೂರುಗಳನ್ನು ಮತ್ತೆ ಕವರಿಗೆ ತುಂಬಿಕೊಂಡು ಕಾರಿಡಾರಿಗೆ ಬಂದೆ. ಎಡಗಡೆ ಡಯಟ್ ಮೇಡಂ ಬಾಗಿಲು, ಕೊನೆಯಲ್ಲಿ ಕೌನ್ಸೆಲರ್ ಮೇಡಂ ಬಾಗಿಲು. ಕೊನೆಯ ಬಾಗಿಲು ಅರ್ಧ ತೆರೆದಿತ್ತು. ಆ ಬಾಗಿಲ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಒಂದು ಮಾತು ಹೇಳಿದರೆ ಸಾಕಿತ್ತು. ಯಾರೂ ನನ್ನನ್ನು ದೂರುವಂತಿರಲಿಲ್ಲ. ಬಾಯಲ್ಲಿ ನೀರೂರುತ್ತಿತ್ತು. ಕೈ ಕವರಿನೊಳಗೆ ಹೋಗಿ ಒಂದು ಚೂರು ಹಿಡಿದುಕೊಂಡಿತ್ತು. ಅದನ್ನು ಕೆಳಗೆ ಬಿಟ್ಟೆ.

ಕೌನ್ಸೆಲರ್ ಮೇಡಂ ಕನ್ನಡಕ ಮೇಲೆ ಸರಿಸಿ, "ಒಳಗೆ ಬರ್ತೀರಾ, ಇಲ್ಲ ಬಾಗಿಲು ಕಾಯ್ತೀರಾ?" ಎಂದರು.

ಒಳಗೆ ಹೋದೆ. ಪುಸ್ತಕ ತೆಗೆದು ಅವರ ಮುಂದೆಯೇ ಆ ದಿನದ ಗೆರೆಯಲ್ಲಿ ಬರೆದೆ. ಏನು: ಚೂರು. ಎಷ್ಟು: ಹತ್ತೊಂಬತ್ತೂ ಮುಕ್ಕಾಲು ಬಿಸ್ಕೆಟ್, ಇವತ್ತು ತಿಂದಿಲ್ಲ, ದಿನವೂ ತಿನ್ನುತ್ತಿದ್ದೆ. ಯಾಕೆ: ಭಯ. ಅಷ್ಟು ದಿನ ಆ ಕಾಲಮ್ಮಿನಲ್ಲಿ ನಾನು 'ಹಸಿವು' ಎಂದಷ್ಟೇ ತುಂಬಿಸುತ್ತ ಬಂದಿದ್ದೆ.

ಅವರು ಓದಿದರು. "ಭಯ ಅಂತ ಬರೆದಿದೀರಿ. ಮನಸ್ಸಿಲ್ಲ ಅಂತ ಬರೆದಿಲ್ಲ. ಎರಡೂ ಒಂದೇನಾ?"

"ಗೊತ್ತಿಲ್ಲ ಮೇಡಂ."

"ಸರಿ. ಗೊತ್ತಾಗೋವರೆಗೂ ಬರೀರಿ. ನಾನು ಮತ್ತೆ ಕೇಳ್ತೀನಿ. ಯಾವತ್ತು ಇಲ್ಲ ಅಂದ್ರೂ ಅದು ಈ ರೂಮಿನಲ್ಲೇ ಇರುತ್ತೆ."

ಅಲ್ಲಿಂದ ಡಯಟ್ ಮೇಡಂ ಹತ್ತಿರ ಹೋಗಿ ಕವರನ್ನು ತೋರಿಸಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕವರನ್ನು ಕೈಯಲ್ಲಿ ತೂಗಿ, "ಒಂದು ಹೊತ್ತಿನ ಊಟಕ್ಕಿಂತ ಜಾಸ್ತಿ ಇದು. ನಾನು ನಿಮ್ಮನ್ನ ಸುಳ್ಳಿ ಅಂದುಕೊಂಡಿದ್ದೆ, ತಪ್ಪಾಯ್ತು" ಎಂದರು. ಆಮೇಲೆ ದಿನಕ್ಕೆ ಒಂದಿದ್ದ ಸೇಬನ್ನು ಎರಡಕ್ಕೆ ಏರಿಸಿ, ಒಂದನ್ನು ಶಿಫ್ಟಿನ ನಡುವೆ ತಿನ್ನಲು ಬರೆದುಕೊಟ್ಟರು.

ಮರುದಿನ ಸೂಪರ್‌ವೈಸರನ್ನು ಕಂಡು ಪೆಟ್ಟಿಗೆ ಕಟ್ಟುವ ವಿಭಾಗಕ್ಕೆ ಹಾಕಿ ಎಂದು ಕೇಳಿದೆ. ಅಲ್ಲಿ ಬಿಸ್ಕೆಟ್ಟು ಪ್ಯಾಕೆಟ್ಟಿನೊಳಗೆ ಸೇರಿರುತ್ತದೆ, ಚೂರಿಲ್ಲ. "ಬೆಲ್ಟಿಗೆ ನಿಮ್ಮಂಥ ಕಣ್ಣು ಸಿಗಲ್ಲಮ್ಮ" ಎಂದು ಅವರು ಗೊಣಗಿದರೂ ಒಪ್ಪಿದರು. ರೇಡಿಯೋ ಮಾತ್ರ, "ನನ್ನ ಮಾತು ಕೇಳೋರು ಇನ್ನು ಯಾರಕ್ಕಾ?" ಎಂದು ಮುಖ ಸಣ್ಣ ಮಾಡಿದಳು.

ಮೊದಲ ವಾರ ಕಷ್ಟವಾಯಿತು. ಅಂಟುಪಟ್ಟಿ ಹಚ್ಚುವಾಗ ಬಲಗೈ ಬರಿದೇ ಬಾಯಿಯವರೆಗೆ ಬಂದು ಹಿಂದಿರುಗುತ್ತಿತ್ತು. ಹಾಗೆ ಎದ್ದಾಗಲೆಲ್ಲ ಪುಸ್ತಕದಲ್ಲಿ ಒಂದು ಗೀಟು ಎಳೆದೆ. ಪಕ್ಕದಲ್ಲಿ ಯಾಕೆ ಎಂದು ಬರೆದೆ: ಭಯ. ಬೇಸರ. ಭಯ. ಕಾಲುನೋವು. ಯಾಕೂ ಇಲ್ಲ. ಯಾಕೂ ಇಲ್ಲ ಎಂಬುದೇ ಜಾಸ್ತಿಯಿತ್ತು. ಅದನ್ನು ನೋಡಿ ನನಗೆ ಒಂದು ಬಗೆಯ ಸಮಾಧಾನವಾಯಿತು, ನಾಚಿಕೆಯೂ ಆಯಿತು.

ಅತ್ತಿಗೆ ಕ್ಷಮೆ ಕೇಳಲಿಲ್ಲ. ಕೇಳಬೇಕೆಂದು ನನಗೂ ಅನಿಸಲಿಲ್ಲ. ಅವರು ಹೇಳಿದ್ದರಲ್ಲಿ ನಿಜವಿತ್ತು. ಆದರೆ ಒಂದು ಬೆಳಿಗ್ಗೆ ನನ್ನ ಊಟದ ಡಬ್ಬಿಯ ಪಕ್ಕದಲ್ಲಿ ಚಿಕ್ಕ ಡಬ್ಬಿಯೊಂದಿತ್ತು. ಒಳಗೆ ಸೌತೆಕಾಯಿ, ಕಾಳಿನಷ್ಟು ಸಣ್ಣ ಚೂರುಗಳಾಗಿ ಕತ್ತರಿಸಿದ್ದರು. "ಕೈಗೆ ಏನಾದ್ರೂ ಬೇಕಲ್ಲ" ಎಂದರು ನನ್ನ ಮುಖ ನೋಡದೆ. "ಇದೂ ಚೂರೇ. ಎಷ್ಟಾದ್ರೂ ತಿನ್ನು."

ಹದಿನೈದನೆಯ ವಾರ ಕೌನ್ಸೆಲರ್ ಮೇಡಂ ಮತ್ತೆ ಕೇಳಿದರು. ಬಾಗಿಲು ಮುಚ್ಚಿತ್ತು, ನಾವಿಬ್ಬರೇ.

"ಭಯ ಇದೆಯಾ?"

"ಇದೆ ಮೇಡಂ."

"ಮತ್ತೆ?"

"ಕೊಡ್ತೀನಿ."

"ಯಾರಾದ್ರೂ ಹೇಳಿಕೊಟ್ರಾ?"

"ಇಲ್ಲ ಮೇಡಂ. ಅಣ್ಣ ಬೇಡ ಅನ್ನೋದಕ್ಕೆ ಹೇಳಿಕೊಟ್ಟಿದ್ದ. ಎಂಟನೇ ವಾರ ಅದಕ್ಕೇ ಈ ಬಾಗಿಲಿಗೆ ಬಂದಿದ್ದೆ. ಆಮೇಲೂ ಎರಡು ಸಲ ಬಂದು ಹೊರಗೇ ನಿಂತಿದ್ದೆ. ವಾಪಸ್ ಹೋದೆ."

ಅವರು ಏನೋ ಬರೆದುಕೊಂಡು, ಕಾಗದವನ್ನು ನನ್ನ ಕಡೆ ತಿರುಗಿಸಿ ಸಹಿ ಹಾಕಿಸಿಕೊಂಡರು. ನನ್ನ ಸಹಿ ಯಾವಾಗಲೂ ಸೊಟ್ಟಗಿರುತ್ತದೆ. ಅಂದು ಇನ್ನೂ ಸೊಟ್ಟಗಾಯಿತು, ಆದರೆ ಪೂರ್ತಿ ಹೆಸರು ಬರೆದೆ.

ಹದಿನಾರನೆಯ ವಾರ ಚಪ್ಪಲಿ, ಕೈಗಡಿಯಾರ, ತಲೆಪಿನ್ನು ಎಲ್ಲ ತೆಗೆದಿಟ್ಟು ಯಂತ್ರ ಹತ್ತಿದೆ. ಅಂಕಿಗಳು ಓಡಾಡಿದವು. ಎಪ್ಪತ್ತೆರಡು ಪಾಯಿಂಟ್ ಒಂಬತ್ತು. ದೊಡ್ಡ ಡಾಕ್ಟರು ಕ್ಯಾಲೆಂಡರ್ ಹತ್ತಿರ ಎಳೆದುಕೊಂಡು ಮುಂದಿನ ತಿಂಗಳ ಎರಡನೆಯ ವಾರದಲ್ಲಿ ಒಂದು ದಿನಕ್ಕೆ ಗುರುತು ಹಾಕಿದರು. ನನಗೆ ಸಂತೋಷವಾಯಿತೆಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ.

ಡಯಾಲಿಸಿಸ್ ಹಾಲಿಗೆ ಹೋದೆ. ಅಣ್ಣನಿಗೆ ಆಗತಾನೆ ಅರ್ಧ ಲೋಟ ಚಹಾ, ಒಂದು ಬಿಸ್ಕೆಟ್ಟು ಕೊಟ್ಟಿದ್ದರು. ಅಷ್ಟೇ ಅವನ ಪಾಲು. ನಮ್ಮ ಫ್ಯಾಕ್ಟರಿಯದೇ, ಹೂವಿನ ಅಚ್ಚಿನದು. ಅತ್ತಿಗೆ ಕಾಲಿನ ಕಡೆ ಕೂತಿದ್ದರು. ತೂಕ ಹೇಳಿದೆ, ದಿನ ಹೇಳಿದೆ. ಅತ್ತಿಗೆ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು.

ಅಣ್ಣ ಬಿಸ್ಕೆಟ್ಟನ್ನು ಬಲಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಒತ್ತಿ ಎರಡು ತುಂಡು ಮಾಡಿದ. ಒಂದನ್ನು ನನ್ನ ಕಡೆ ಚಾಚಿದ.

"ತಗೋಳೇ ಚೂರಿ. ಇದು ಲೆಕ್ಕಕ್ಕಿಲ್ಲ."

"ಇದೆ" ಎಂದೆ.

ತಿಂದೆ. ನಿಧಾನವಾಗಿ, ನಾಲ್ಕು ಸಲ ಕಚ್ಚಿ. ಇಪ್ಪತ್ತಮೂರು ವರ್ಷದಲ್ಲಿ ಆ ಬಿಸ್ಕೆಟ್ಟಿನಲ್ಲಿ ಉಪ್ಪೂ ಇದೆಯೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಪುಸ್ತಕ ತೆಗೆದೆ. ಹೊತ್ತು: ಹನ್ನೊಂದೂ ಇಪ್ಪತ್ತು. ಏನು: ಬಿಸ್ಕೆಟ್. ಎಷ್ಟು: ಅರ್ಧ.

"ಅದನ್ನೂ ಬರೀತೀಯಾ? ನನ್ನ ಹೆಸರು ಹಾಕಿಬಿಡಬೇಡ, ಮೇಡಂ ನನ್ನ ಮೇಲೆ ಬರ್ತಾರೆ" ಎಂದ ಅಣ್ಣ.

ಯಾಕೆ ಎಂಬ ಕಾಲಮ್ಮಿನಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಗೆರೆ ದಾಟದ ಹಾಗೆ ಸಣ್ಣ ಅಕ್ಷರದಲ್ಲಿ ಬರೆದೆ: ಅಣ್ಣ ಇಡೀದನ್ನು ಮುರಿದ.